ಸುಮಿತ್ರೆಯನ್ನು ಕೊಂದ ಪೆಟ್ಟಿಗೆ

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಎಲ್ಲೇ ಸಿಗಲಿ, ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಪುಸ್ತಕ ಎಲ್ಲ ಮೊಬೈಲಿಗೆ ಬಂದುಬಿಟ್ಟಿದೆಯಲ್ಲ, ಇನ್ನು ನಮಗೇನು ಕೆಲಸ?" ನಾನು ಸೇರಿದಾಗ ಮನೆಮನೆಗೆ ಟಿ.ವಿ. ಬರುತ್ತಿತ್ತು. ಆಗಲೂ ಜನ ನನ್ನನ್ನು ನೋಡಿ ಇದೇ ಮಾತಾಡಿ, ಅಯ್ಯೋ ಪಾಪ ಎನ್ನುತ್ತಿದ್ದರು. ನಿವೃತ್ತಿಯ ದಿನದವರೆಗೂ ನಾನು ಕೆಲಸವಿಲ್ಲದೆ ಕೂತವಳಲ್ಲ. ಕೂತಿದ್ದರೆ ಈ ಸೊಂಟ ಇಷ್ಟು ಹಾಳಾಗುತ್ತಿರಲಿಲ್ಲ.

ಬಡ್ತಿಯ ಕಥೆ ನನ್ನಲ್ಲಿ ಇಲ್ಲ. ನಮ್ಮದು ಕುಶಾಲನಗರದ ಹತ್ತಿರ ಊರವರೇ ಸೇರಿ ನಡೆಸುತ್ತಿದ್ದ ಸಣ್ಣ ವಾಚನಾಲಯ. ನನ್ನ ಮೇಲೆ ಅಧ್ಯಕ್ಷರು, ನನ್ನ ಕೆಳಗೆ ಗೆದ್ದಲು. ಈ ಎರಡರಲ್ಲಿ ಒಂದು ಜಾಗ ಖಾಲಿಯಾಗಿದ್ದರೆ ಬಡ್ತಿಯ ಮಾತು ಬರುತ್ತಿತ್ತೋ ಏನೋ.

ಗೆದ್ದಲಿಗಿಂತ ದೊಡ್ಡ ಶತ್ರು ಮಳೆ. ಜೂನ್‌ನಲ್ಲಿ ತೆಳ್ಳಗಿದ್ದ ಕಾದಂಬರಿ ಸೆಪ್ಟೆಂಬರ್ ಹೊತ್ತಿಗೆ ಬಸುರಿಯ ಹಾಗೆ ಊದಿಕೊಂಡಿರುತ್ತಿತ್ತು. ಬಿಸಿಲು ಬಂದ ಮೇಲೆ ಎದುರಿನ ತೋಟದ ಕಣದಲ್ಲಿ, ಕಾಫಿ ಒಣಗಿಸುವ ಆ ಸಿಮೆಂಟ್ ಅಂಗಳದಲ್ಲಿ, ಪುಸ್ತಕಗಳನ್ನೆಲ್ಲ ಹರಡಿ ಒಣಗಿಸುತ್ತಿದ್ದೆವು. ಒಂದು ವರ್ಷ ಕಣದ ಆಳು ಬೇಗ ಬಂದ ಕಾಫಿಯ ಜೊತೆ ಒಂದು ಕವನ ಸಂಕಲನವನ್ನೂ ಗೋರಿ ಚೀಲಕ್ಕೆ ತುಂಬಿಬಿಟ್ಟ. ಅದು ಎಲ್ಲಿಗೆ ರಫ್ತಾಯಿತೋ ಇವತ್ತಿಗೂ ಗೊತ್ತಿಲ್ಲ. ಕವಿಗೆ ಈ ವಿಷಯ ಹೇಳಿದಾಗ ಅವರು ಬಹಳ ಸಂತೋಷಪಟ್ಟರು.

ಹೀಗೆ ಒಣಗಿಸಿ ಒಣಗಿಸಿ ಪುಸ್ತಕದ ಬೆನ್ನು ಬಿಡುತ್ತಿತ್ತು. ಮೊದಲು ಉದುರುವುದು ಕೊನೆಯ ಹಾಳೆಗಳು. ನಮ್ಮಲ್ಲಿದ್ದ ಕಾದಂಬರಿಗಳಲ್ಲಿ ಬಹುಪಾಲಿಗೆ ಕೊನೆಯೇ ಇರಲಿಲ್ಲ. ಪತ್ತೇದಾರಿ ಪುಸ್ತಕ ಒಯ್ದವರು ವಾಪಸ್ ತಂದು, "ಕೊಲೆ ಮಾಡಿದ್ದು ಯಾರು ಅಂತ ಹೇಳಿ ಮೇಡಂ, ಇಲ್ಲದಿದ್ರೆ ನಾನು ಮನೆಗೆ ಹೋಗೋದಿಲ್ಲ" ಎಂದು ಮೇಜಿನ ಮುಂದೆ ಕೂತುಬಿಡುತ್ತಿದ್ದರು. ನಾನು ಬಾಯಿಗೆ ಬಂದವರ ಹೆಸರು ಹೇಳಿ ಕಳಿಸುತ್ತಿದ್ದೆ. ಬಾಗಿಲು ಹಾಕಬೇಕಲ್ಲ!

ನಾನು ಹೇಳಹೊರಟಿದ್ದು ಜಾನಕಿಯ ವಿಷಯ. ಭಾಗಮಂಡಲದ ಕಡೆಯ ಹೆಣ್ಣು, ಮನೆಮಾತು ಅರೆಭಾಷೆ, ಮದುವೆಯಾಗಿ ಈ ಕಡೆ ಬಂದವಳು. ನಮ್ಮ ವಾಚನಾಲಯದ ಪಕ್ಕದಲ್ಲೇ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆ ಇತ್ತು. ಅಲ್ಲಿನ ದೊಡ್ಡ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಕಾಫಿ ಬೀಜದಲ್ಲಿ ಕಪ್ಪಾದದ್ದು, ಒಡೆದದ್ದು ಆರಿಸಿ ತೆಗೆಯುತ್ತಾರೆ. ಆರಿಸಿದ ತೂಕದ ಮೇಲೆ ಕೂಲಿ. ಜಾನಕಿ ಅಲ್ಲಿಗೆ ಸೇರಿದ ವಾರದಲ್ಲೇ ಅವಳಿಗೂ ಕಾಫಿಯ ಧೂಳಿಗೂ ಆಗಿಬರುವುದಿಲ್ಲ ಎಂದು ಗೊತ್ತಾಯಿತು. ಬುಟ್ಟಿಯ ಮುಂದೆ ಕೂತರೆ ಸೀನು. ಅದೂ ಸಾಮಾನ್ಯ ಸೀನಲ್ಲ, ಎದುರಿನವಳ ಬುಟ್ಟಿಯ ಕಾಫಿಯೂ ಹಾರುವಂಥದ್ದು. ಬಾಗಿಲ ಹತ್ತಿರ ಗಾಳಿಯಲ್ಲಿ ಕೂತರೆ ಏನೂ ಇಲ್ಲ, ಆದರೆ ಅಲ್ಲಿ ಆರಿಸುವ ಕೆಲಸವೂ ಇಲ್ಲ.

ಅವಳನ್ನು ಉಳಿಸಿದ್ದು ಖದೀಜುಮ್ಮ. ನೆಲ್ಯಹುದಿಕೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಇಡೀ ಶೆಡ್ಡು ಹೆದರುತ್ತಿದ್ದ ಹಿರಿಯ ಹೆಂಗಸು. ಜಾನಕಿ ಊಟದ ಹೊತ್ತಿನಲ್ಲಿ ಪುಸ್ತಕ ಓದುವುದನ್ನು ನೋಡಿ, "ಮೋಳೇ, ನಿಂಗೆ ಓದು ಬರ್ತದಾ? ಹಾಗಾದ್ರೆ ಬಾಗಿಲಲ್ಲಿ ಕೂತು ಜೋರಾಗಿ ಓದು. ನಾವು ಆರಿಸ್ತೇವೆ, ಆಳಿಗೊಂದು ಬೊಗಸೆ ನಿನ್ನ ಬುಟ್ಟಿಗೆ ಹಾಕ್ತೇವೆ" ಎಂದಳು. ಹಾಗೆ ಶುರುವಾಯಿತು ಓದಿನ ಬೊಗಸೆ. ಪ್ರತಿಯೊಬ್ಬಳೂ ತಾನು ಆರಿಸಿದ್ದರಲ್ಲಿ ಒಂದು ಬೊಗಸೆ ಜಾನಕಿಗೆ. ಕ್ಯೂರಿಂಗಿನ ರೈಟರ್ ಮುತ್ತಣ್ಣ, ಅಂದರೆ ಹಾಜರಿ-ತೂಕ ನೋಡಿಕೊಳ್ಳುವವರು, ಮೊದಲು ಗೊಣಗಿದರು. ಮಾತು ಕಡಿಮೆಯಾಗಿ ಕೆಲಸ ಜಾಸ್ತಿಯಾಗಿದ್ದನ್ನು ಕಂಡ ಮೇಲೆ ಅವರೇ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಸಿಕೊಟ್ಟರು.

ಜಾನಕಿ ಪ್ರತಿ ಭಾನುವಾರ ನನ್ನಲ್ಲಿಗೆ ಬಂದು ಪುಸ್ತಕ ಒಯ್ಯುತ್ತಿದ್ದಳು. ಕೊನೆ ಹಾಳೆ ಇಲ್ಲ ಕಣೇ ಎಂದರೆ, "ಇರ್ಲಿ ಅಕ್ಕ, ಎಂತ ಆಗ್ತದೆ" ಎನ್ನುವಳು. ಎಂಥ ದೊಡ್ಡ ಮನಸ್ಸು ಎಂದುಕೊಳ್ಳುತ್ತಿದ್ದೆ. ಅವಳ ಓದು ಕೇಳಲು ನಾನು ಹೋದದ್ದು ಕಡಿಮೆ. ಹೋದಾಗ ಒಂದು ವಿಷಯ ನೋಡಿದ್ದೆ: ಕನ್ನಡದಲ್ಲಿ ಓದುವುದು, ಖದೀಜುಮ್ಮನಿಗೆ ಮಲಯಾಳದಲ್ಲಿ ಅರ್ಥ ಹೇಳುವುದು, ಪಕ್ಕದ ಬುಟ್ಟಿಯ ಸೆಲ್ವಿಗೆ ತಮಿಳಿನಲ್ಲಿ, ಮಧ್ಯೆ ಯಾರಾದರೂ "ಆ ಅತ್ತೆಗೆ ನಾಲ್ಕು ಬಿಡಬೇಕು" ಎಂದರೆ ನಿಲ್ಲಿಸಿ ಹೌದೆನ್ನುವುದು. ಓದು ಒಂದು ಸಾಲು ಮುಂದೆ ಹೋಗಲು ಅರ್ಧ ಚೀಲ ಕಾಫಿ ಮುಗಿಯುತ್ತಿತ್ತು.

ಇದೆಲ್ಲ ಹೀಗೇ ನಡೆಯುತ್ತಿರುವಾಗ ನಮ್ಮ ವಾಚನಾಲಯಕ್ಕೆ ಬೋಪಣ್ಣನವರು ಅಧ್ಯಕ್ಷರಾದರು. ತೋಟದವರು, ಒಳ್ಳೆಯ ಮನುಷ್ಯ, ಆದರೆ ಹೊಸದೇನಾದರೂ ಕಂಡರೆ ತಡೆದುಕೊಳ್ಳಲಾರರು. ಒಂದು ದಿನ ಕಾರಿನಿಂದ ಟ್ಯಾಬುಗಳ ಡಬ್ಬ ಇಳಿಸಿ, "ಮೇಡಂ, ಇನ್ನು ಗೆದ್ದಲು ಇಲ್ಲ, ಬೂಷ್ಟು ಇಲ್ಲ, ಕೊನೆ ಪೇಜ್ ಹೋಗೋ ಪ್ರಶ್ನೆನೇ ಇಲ್ಲ. ಎಲ್ಲ ಇ-ಪುಸ್ತಕ!" ಎಂದರು.

"ಕರೆಂಟು?" ಎಂದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು.

"ನೀವು ಯಾವಾಗಲೂ ಅಪಶಕುನನೇ ನುಡಿಯೋದು" ಎಂದು ಬೇಜಾರು ಮಾಡಿಕೊಂಡರು.

ಮೊದಲ ಟ್ಯಾಬು ಒಯ್ದವರು ನಮ್ಮ ಹಳೆಯ ಓದುಗ, ನಿವೃತ್ತ ಸುಬೇದಾರರು. ಮಾರನೇ ದಿನವೇ ವಾಪಸ್ ತಂದು ಮೇಜಿನ ಮೇಲೆ ಕುಕ್ಕಿದರು. "ಇದು ಎಂಥ ಕಾದಂಬರಿ? ಮೊದಲು ಮೊಮ್ಮಗನ ನಾಮಕರಣ, ಆಮೇಲೆ ಅಜ್ಜನ ಮದುವೆ, ನಡುವೆ ಯಾರದೋ ತಿಥಿ!" ನನ್ನೆದುರೇ ಓದಿ ತೋರಿಸಿ ಎಂದೆ. ಅವರು ಎಂದಿನಂತೆ ಬೆರಳನ್ನು ನಾಲಿಗೆಗೆ ತಾಗಿಸಿ, ಒದ್ದೆ ಬೆರಳಿನಿಂದ ಪರದೆ ಎಳೆದರು. ಪುಟ ಹುಚ್ಚು ಹಿಡಿದಂತೆ ಹಾರಿ ಎಲ್ಲೋ ಹೋಗಿ ನಿಂತಿತು. ಅರವತ್ತು ವರ್ಷದ ಅಭ್ಯಾಸ ಬಿಡಿ ಎಂದರೆ ಬಿಡುತ್ತಾರೆಯೇ? ಕೊನೆಗೆ ಪಕ್ಕದಲ್ಲೊಂದು ಕರವಸ್ತ್ರ ಇಟ್ಟುಕೊಂಡು, ನಾಲಿಗೆಗೆ ತಾಗಿಸಿ, ಒರೆಸಿ, ಆಮೇಲೆ ಪುಟ ತಿರುಗಿಸುವ ಪದ್ಧತಿ ಮಾಡಿಕೊಂಡರು.

ಅವರೇ ಇನ್ನೊಂದು ದಿನ ಬಂದು ಬೇರೊಂದು ಪುಸ್ತಕ ಕೇಳಿದರು. ಅದು ಆಗ ಬೇರೆಯವರ ಹೆಸರಿನಲ್ಲಿತ್ತು. ಪ್ರಕಾಶಕರು ಕೊಟ್ಟ ಲೆಕ್ಕದ ಪ್ರಕಾರ ಒಂದು ಸಲಕ್ಕೆ ಒಬ್ಬರೇ ಓದಬೇಕು, ಅವರು ಬಿಟ್ಟ ಮೇಲೆ ನಿಮಗೆ ಎಂದೆ. ಸುಬೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಾಳಿಯಲ್ಲಿರೋ ಪುಸ್ತಕಕ್ಕೂ ಕ್ಯೂ ನಿಲ್ಲಿಸ್ತೀರಲ್ಲ, ನೀವು ಮಿಲಿಟರಿ ಕ್ಯಾಂಟೀನಿನಲ್ಲಿ ಇರಬೇಕಿತ್ತು!" ನನಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ. ಈಗಲೂ ಆಗಿಲ್ಲ. ನೀವು ಹೊಸಬರು, ಅರ್ಥವಾದರೆ ನನಗೊಂದು ಫೋನು ಮಾಡಿ.

ಹಾಗೆಂದು ಟ್ಯಾಬನ್ನು ಬಯ್ಯುವ ಹಳೇ ಮುದುಕಿ ನಾನಲ್ಲ. ಕಣ್ಣು ಮಂಜಾಗಿ ಓದುವುದನ್ನೇ ಬಿಟ್ಟಿದ್ದವರು ಅಕ್ಷರ ದೊಡ್ಡದು ಮಾಡಿಕೊಂಡು ಮತ್ತೆ ಬಂದು ಕೂತಾಗ ನನಗೆ ನಿಜವಾಗಿ ಖುಷಿಯಾಯಿತು. ಮಾರುಕಟ್ಟೆಯಲ್ಲಿ ಎಲ್ಲೂ ಸಿಗದ ಹಳೆಯ ಪುಸ್ತಕಗಳೂ ಅದರಲ್ಲಿದ್ದವು. ಅಧ್ಯಕ್ಷರು ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಖವಾಗಿರುತ್ತಿತ್ತು.

ಅವರಿಗೆ ಆಡಿಯೋ ಪುಸ್ತಕದ ರುಚಿ ಹತ್ತಿತು. ಕ್ಯೂರಿಂಗಿನ ಮಾಲೀಕರು ಅವರ ಸ್ನೇಹಿತರು. "ಆ ಹೆಂಗಸರಿಗೆ ಪಾಪ, ಕೊನೆ ಇಲ್ಲದ ಹರಕು ಪುಸ್ತಕ ಯಾಕೆ? ನಾವು ಸ್ಪೀಕರ್ ಕೊಡೋಣ" ಎಂದು ಒಂದು ಕರಿ ಪೆಟ್ಟಿಗೆ ತಂದು ಶೆಡ್ಡಿನ ಕಂಬಕ್ಕೆ ಹೊಡೆಸಿದರು. ಹಾರ ಹಾಕಿ, ಕಾಯಿ ಒಡೆದು, ಲಾಡು ಹಂಚಿ ಉದ್ಘಾಟನೆ. ಬೆಂಗಳೂರಿನ ಯಾರೋ ಹೆಣ್ಣುಮಗಳ ಜೇನಿನಂಥ ದನಿ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಪೆಟ್ಟಿಗೆಗೆ ಬೊಗಸೆ ಕೊಡಬೇಕಾಗಿರಲಿಲ್ಲ, ಆದ್ದರಿಂದ ಜಾನಕಿಯ ಸ್ಟೂಲು ಒಳಗೆ ಹೋಯಿತು, ಜಾನಕಿ ಬುಟ್ಟಿಯ ಮುಂದೆ ಬಂದು ಕೂತಳು.

ಸೀನು ಮತ್ತೆ ಶುರು. ಮುತ್ತಣ್ಣ ಮೂಗಿಗೆ ಬಟ್ಟೆ ಕಟ್ಟಿಸಿ ನೋಡಿದರು, ಮೂಲೆಗೆ ಕೂರಿಸಿ ನೋಡಿದರು. ಒಂದು ಸೀನಿಗೆ ಆರಿಸಿದ ಬೀಜವೂ ಕಪ್ಪು ಬೀಜವೂ ಒಂದಾಗುತ್ತಿತ್ತು. "ತಿಂಗಳು ಮುಗಿಯೋವರೆಗೆ ಇರು ಜಾನಕಿ, ಆಮೇಲೆ ಬೇರೆ ಎಲ್ಲಾದರೂ ನೋಡ್ಕೋ" ಎಂದರಂತೆ. ಆ ಕೂಲಿಯಲ್ಲೇ ಅವಳ ಮನೆ ನಡೆಯುತ್ತಿತ್ತು. ಗಂಡ ಮರದಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಅಧ್ಯಕ್ಷರಿಗೆ ಹೇಳಿದರೆ, "ಪ್ರೋಗ್ರೆಸ್ ಮೇಡಂ, ಏನು ಮಾಡೋದು" ಎಂದರು.

ಪೆಟ್ಟಿಗೆ ಬಂದು ಒಂದೆರಡು ಕಥೆ ಮುಗಿದ ಮೇಲೆ ಹೆಂಗಸರೆಲ್ಲ ಸೇರಿ ಒಂದು ಬೇಡಿಕೆ ಇಟ್ಟರು. ಸುಮಿತ್ರೆಯ ಕಥೆ ಬೇಕು! ಅದು ಹಳೆಯ ಕಾದಂಬರಿ. ಸುಮಿತ್ರೆ ಎಂಬ ಸೊಸೆಗೆ ಅತ್ತೆಯೂ ಗಂಡನೂ ಕೊಡುವ ಹಿಂಸೆ, ಅವಳ ಕಷ್ಟ. ಜಾನಕಿ ಅದನ್ನು ಓದಿದ ಮಳೆಗಾಲವನ್ನು ಶೆಡ್ಡಿನವರು ಮರೆತಿರಲಿಲ್ಲ. ಆ ಜೇನಿನ ದನಿಯಲ್ಲಿ ಇನ್ನೊಮ್ಮೆ ಕೇಳುವ ಆಸೆ. ಅಧ್ಯಕ್ಷರು ಹೆಮ್ಮೆಯಿಂದ ಹುಡುಕಿ ಹಾಕಿಸಿದರು.

ಆ ದಿನ ನಾನು ವಾಚನಾಲಯದಲ್ಲಿ ಪತ್ರಿಕೆ ಜೋಡಿಸುತ್ತಿದ್ದೆ. ಕ್ಯೂರಿಂಗ್ ಕಡೆಯಿಂದ ಸತ್ತವರ ಮನೆಯಲ್ಲಿ ಎದ್ದಂಥ ಅಳು ಎದ್ದಿತು. ಯಾರಿಗೆ ಏನಾಯಿತೋ ಎಂದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಖದೀಜುಮ್ಮ ಮುಂದೆ, ಸೆಲ್ವಿ ಹಿಂದೆ, ಅವರ ಹಿಂದೆ ಇಡೀ ಶೆಡ್ಡು ನಮ್ಮ ಮೆಟ್ಟಿಲು ಹತ್ತಿ ಬಂತು.

"ಲೈಬ್ರರಿಯಕ್ಕ, ನಿಮ್ಮ ಪೆಟ್ಟಿಗೆ ಸುಮಿತ್ರೆನ ಕೊಂದುಬಿಟ್ಟಿತು!" ಎಂದಳು ಖದೀಜುಮ್ಮ.

"ಬಾವಿಗೆ ಹಾರ್ಸಿ ಸಾಯ್ಸಿಬಿಟ್ರು ಅಕ್ಕಾ! ಕಡವುಳೇ!" ಎಂದು ಸೆಲ್ವಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಂಡ ಇನ್ನೊಂದು ಮದ್ವೆ ಮಾಡ್ಕೊಂಡ, ಅಷ್ಟೇ, ಮುಗೀತು ಅಂತು ಪೆಟ್ಟಿಗೆ."

"ಕಾದಂಬರಿ ಅಲ್ವೇನ್ರೇ, ಸತ್ತಿರಬಹುದು" ಎಂದೆ.

"ಹೇಗೆ ಸಾಯ್ತಾಳೆ? ಅವಳು ಬಸ್‌ಸ್ಟ್ಯಾಂಡಿನಲ್ಲಿ ಕ್ಯಾಂಟೀನ್ ಹಾಕ್ತಾಳಲ್ಲ! ಗಂಡ ಬಂದು ಊಟ ಮಾಡಿದಾಗ ತಟ್ಟೆ ತೊಳೆಸ್ತಾಳಲ್ಲ! ನಾವೆಲ್ಲ ಕೇಳಿದ್ದೇವೆ. ಇದು ಡುಪ್ಲಿಕೇಟ್ ಪುಸ್ತಕ. ರಿಪೇರಿ ಮಾಡಿಸಿ ಕೊಡಿ" ಎಂದು ಖದೀಜುಮ್ಮ ಮೇಜಿಗೆ ಗುದ್ದಿದಳು.

ನಲವತ್ತು ವರ್ಷ ಪುಸ್ತಕದ ನಡುವೆ ಬದುಕಿದ ನನಗೆ, ಕಥೆಯನ್ನು ರಿಪೇರಿಗೆ ತಂದವರು ಇವರೇ ಮೊದಲು. ನೋಡುತ್ತೇನೆ ಎಂದು ಸಮಾಧಾನ ಮಾಡಿ ಕಳಿಸಿ, ಕಪಾಟಿನಿಂದ ನಮ್ಮ ಕಾಗದದ ಪ್ರತಿ ತೆಗೆದೆ. ಸುಮಿತ್ರೆ ಹಿತ್ತಲ ಬಾಗಿಲು ತೆಗೆಯುವಲ್ಲಿಗೆ ಪುಸ್ತಕ ಮುಗಿದಿತ್ತು. ಮುಂದಿನ ಹಾಳೆಗಳನ್ನು ಯಾವ ಮಳೆಗಾಲ ತಿಂದಿತ್ತೋ. ಟ್ಯಾಬು ತೆಗೆದು ಇ-ಪುಸ್ತಕ ನೋಡಿದೆ. ಅದರಲ್ಲಿ ಬಾವಿ ಇತ್ತು, ಸಾವು ಇತ್ತು, ಕ್ಯಾಂಟೀನು ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಜಾನಕಿ ಬಂದಳು, ನಗು ನಿಂತಿತು.

"ಅಕ್ಕ, ಅವ್ರಿಗೆ ಪುಸ್ತಕ ತೋರಿಸ್ಬೇಡಿ" ಎಂದಳು. "ಪೆಟ್ಟಿಗೆ ಬೇಡ, ಜಾನಕಿನೇ ಓದ್ಲಿ ಅಂತ ಇವತ್ತು ಎಲ್ರೂ ಹೇಳ್ತಿದ್ದಾರೆ. ಆದ್ರೆ ನಾ ಸುಳ್ಳು ಓದ್ದೆ ಅಂತ ಗೊತ್ತಾದ್ರೆ ಖದೀಜುಮ್ಮ ನನ್ನ ಶೆಡ್ಡಿನ ಹತ್ರ ಸೇರ್ಸೋದಿಲ್ಲ. ನಂಗೆ ಬೇರೆ ಕೆಲ್ಸ ಎಲ್ಲಿ ಉಟ್ಟು ಅಕ್ಕ?"

"ಕೊನೆ ಹಾಳೆ ಇರಲಿಲ್ಲ, ನೀನು ಸೇರಿಸಿದೆ, ಅಷ್ಟೇ ತಾನೇ?"

ಅವಳು ನೆಲ ನೋಡಿದಳು. "ಹಾಳೆ ಇದ್ದ ಪುಸ್ತಕನೂ ಹಾಗೇ ಮಾಡಿದ್ದೆ."

ತಲೆ ಮೇಲೆ ಕೈ ಹೊತ್ತು ಕೂತೆ. ಇ-ಪುಸ್ತಕವೇ ತಪ್ಪು ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಮಾತನ್ನು ಅವರು ನಂಬುತ್ತಿದ್ದರು. ಆದರೆ ಯಾರೋ ಬರೆದವರು ಬರೆದದ್ದನ್ನು ಬರೆದಿಲ್ಲ ಎನ್ನಲು ಬಾಯಿ ಬರಬೇಕಲ್ಲ. ಪತ್ತೇದಾರಿ ಕಾದಂಬರಿಗೆ ಕೊಲೆಗಾರರನ್ನು ಹಂಚಿದವಳೇ ನಾನು, ಆದರೂ ಇದಕ್ಕೆ ಮನಸ್ಸು ಒಪ್ಪಲಿಲ್ಲ. ಏನೂ ತೋಚದೆ, "ಕೇಳಿದರೆ ನೋಡೋಣ, ಕೇಳದಿದ್ದರೆ ನಾನಾಗಿ ಹೇಳುವುದಿಲ್ಲ" ಎಂದು ಅವಳನ್ನು ಕಳಿಸಿದೆ.

ಕೇಳದೆ ಬಿಡುವವರು ಯಾರು? ಸುದ್ದಿ ಬೋಪಣ್ಣನವರಿಗೆ ಮುಟ್ಟಿತು. ಡುಪ್ಲಿಕೇಟ್ ಎಂಬ ಮಾತು ಅವರಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. "ನಾನು ಡುಪ್ಲಿಕೇಟ್ ಕೊಟ್ಟೆನಾ? ನಡೀರಿ ಮೇಡಂ, ಒರಿಜಿನಲ್ ಓದಿ ತೋರಿಸೋಣ" ಎಂದು ಟ್ಯಾಬು ಹಿಡಿದು ಹೊರಟರು. ನಾನೂ ಹಿಂದೆ ಹೋದೆ, ಹೋಗದೆ ಇರಲಾಗಲಿಲ್ಲ.

ಶೆಡ್ಡಿನಲ್ಲಿ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತ್ತು. ಸೆಲ್ವಿ ಅದರ ಮೇಲೆ ಗೋಣಿ ಹೊದಿಸಿದ್ದಳು. ರೈಟರ್ ಮುತ್ತಣ್ಣ ಸಿಟ್ಟಿನಲ್ಲಿದ್ದರು. ಸುಮಿತ್ರೆ ಸತ್ತ ದಿನ ಆರಿಸಿದ ಮಾಲಿನಲ್ಲಿ ಕಪ್ಪು ಬೀಜ ಹಾಗೇ ಉಳಿದು, ಅಷ್ಟನ್ನೂ ಮತ್ತೆ ಆರಿಸಬೇಕಾಗಿ ಬಂದಿತ್ತಂತೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ನೋಡಿ, ಇದು ಬರೆದವರೇ ಒಪ್ಪಿ ಕೊಟ್ಟ ಪುಸ್ತಕ. ಇದರಲ್ಲಿ ಕ್ಯಾಂಟೀನ್ ಇಲ್ಲ" ಎಂದರು.

ಖದೀಜುಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. "ಲೈಬ್ರರಿಯಕ್ಕ, ನೀವು ಹೇಳಿ. ಬರೆದವರು ಬರೆದದ್ದು ಯಾವುದು?"

ನಾನು ಬಾಯಿ ತೆರೆದೆ. ಏನು ಹೇಳಲಿದ್ದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮೂಲೆಯಿಂದ ಒಂದು ದೊಡ್ಡ ಸೀನು ಬಂತು, ಅದರ ಹಿಂದೆಯೇ ಜಾನಕಿ ಎದ್ದು ನಿಂತಳು.

"ಅಕ್ಕನ್ನ ಕೇಳ್ಬೇಡಿ. ಪೆಟ್ಟಿಗೆ ಹೇಳಿದ್ದೇ ಸರಿ. ಕ್ಯಾಂಟೀನು ನಾ ಹಾಕ್ಸಿದ್ದು."

ಬೀಜ ಆರಿಸುವ ಕೈಗಳೆಲ್ಲ ನಿಂತವು.

"ಮೊದ್ಲ ವರ್ಷ ಒಂದು ಕಥೇಲಿ ಮಗು ಸತ್ತೋಯ್ತು. ಇದ್ದ ಹಾಗೇ ಓದ್ದೆ. ನೀವೆಲ್ಲ ಅತ್ತು ಅತ್ತು ಕಣ್ಣು ಕಾಣದೆ ಕಪ್ಪು ಬೀಜ ಬಿಟ್ರಿ, ರೈಟರು ಎಲ್ರ ಕೂಲಿ ಹಿಡಿದ್ರು. ಆಮೇಲಿಂದ ನಾ ಯಾರ್ನೂ ಸಾಯೋಕೆ ಬಿಟ್ಟಿಲ್ಲೆ."

ಖದೀಜುಮ್ಮ ನಿಧಾನವಾಗಿ ಕೇಳಿದಳು, "ಆ ದುಬೈಗೆ ಹೋದ ಮಗ? ವಾಪಸ್ ಬಂದನಲ್ಲ?"

"ಬರ್ಲಿಲ್ಲ."

"ಡಾಕ್ಟ್ರು ಆ ನರ್ಸನ್ನ ಮದ್ವೆ ಆಗಿದ್ದು?" ಇದು ಸೆಲ್ವಿ.

"ಪುಸ್ತಕದಲ್ಲಿ ಆಗಿಲ್ಲೆ. ನಾ ಮಾಡ್ಸಿದ್ದು."

"ಅಯ್ಯೋ ಪಾವಿ! ಆ ಮದ್ವೆಗೆ ನಾನು ಹೊಸ ಸೀರೆ ಉಟ್ಕೊಂಡು ಬಂದಿದ್ದೆನಲ್ಲೇ!"

"ಇದ್ದದ್ದು ಇದ್ದ ಹಾಗೆ ಓದಿದ ಪುಸ್ತಕ ಒಂದಾದರೂ ಇದೆಯಾ?" ಎಂದರು ಅಧ್ಯಕ್ಷರು, ತಡೆಯಲಾರದೆ.

ಜಾನಕಿ ಯೋಚಿಸಿದಳು. "ಅಡುಗೆ ಪುಸ್ತಕ ಒಂದು."

"ಅದರಲ್ಲೇ ನನ್ನ ಸಾರು ಕೆಟ್ಟಿದ್ದು" ಎಂದಳು ಸೆಲ್ವಿ.

ಯಾರೋ ಕಿಸಕ್ಕೆಂದರು. ಖದೀಜುಮ್ಮ ಮಾತ್ರ ನಗಲಿಲ್ಲ. ಎದ್ದು ಜಾನಕಿಯ ಮುಂದೆ ಹೋಗಿ ನಿಂತಳು. ಹೊಡೆದೇಬಿಡುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಜಾನಕಿಯೂ ಹಾಗೇ ಅಂದುಕೊಂಡು ಕಣ್ಣು ಮುಚ್ಚಿದಳು.

"ಮೋಳೇ," ಎಂದಳು ಖದೀಜುಮ್ಮ, "ಪೆಟ್ಟಿಗೆ ಅವಳನ್ನ ಬಾವಿಗೆ ಹಾಕಿ ಮೂರು ದಿನ ಆಯ್ತು. ನಂಗೆ ಗಂಜಿ ಇಳಿದಿಲ್ಲ. ಅವಳನ್ನ ಎತ್ತು."

ಜಾನಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಳುತ್ತಾ, "ಪುಸ್ತಕ ಇಲ್ಲೆ ಉಮ್ಮ, ಪುಸ್ತಕ ಕೈಯಲ್ಲಿ ಇಲ್ದೆ ನಂಗೆ ಓದೋಕೆ ಬರೋದಿಲ್ಲ" ಎಂದಳು. ಮುತ್ತಣ್ಣ ತಾವೇ ಹೋಗಿ ಒಳಗಿನಿಂದ ಸ್ಟೂಲು ತಂದು ಬಾಗಿಲಲ್ಲಿಟ್ಟರು. ಬೋಪಣ್ಣನವರು ಕೈಯಲ್ಲಿದ್ದ ಟ್ಯಾಬನ್ನು ಒಂದು ಸಲ ನೋಡಿ, ಕೊನೆಯ ಅಧ್ಯಾಯ ತೆಗೆದು, ಅಕ್ಷರ ದೊಡ್ಡದು ಮಾಡಿ ಅವಳ ಮಡಿಲಲ್ಲಿಟ್ಟರು.

ನಾವಿಬ್ಬರೂ ಅವಳ ಬೆನ್ನ ಹಿಂದೆಯೇ ನಿಂತಿದ್ದೆವು. ಪರದೆಯ ಮೇಲಿದ್ದದ್ದು ನಮಗೆ ಚೆನ್ನಾಗಿ ಕಾಣುತ್ತಿತ್ತು. ಸುಮಿತ್ರೆ ಬಾವಿಯ ಕಟ್ಟೆ ಹತ್ತಿದಳು, ಕಣ್ಣು ಮುಚ್ಚಿದಳು, ಹಾರಿದಳು.

ಜಾನಕಿ ಕಣ್ಣೊರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. "ಸುಮಿತ್ರೆ ಬಾವಿಯ ಕಟ್ಟೆ ಹತ್ತಿದಳು. ಬಗ್ಗಿ ನೋಡಿದಳು. ನೀರು ಮೊಣಕಾಲಿಗೂ ಬರುವಂತಿರಲಿಲ್ಲ. 'ಥೂ, ಸಾಯುವುದಕ್ಕೂ ಲಾಯಕ್ಕಿಲ್ಲ ಈ ಮನೆಯ ಬಾವಿ' ಎಂದು ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು."

ಶೆಡ್ಡು ಒಟ್ಟಿಗೆ ಉಸಿರು ಬಿಟ್ಟಿತು. ಕೈಗಳು ಮತ್ತೆ ಬೀಜದ ಮೇಲೆ ಓಡತೊಡಗಿದವು. ಒರಿಜಿನಲ್ ಓದಿಸಲು ಬಂದವರು ಈಗ ಏನು ಹೇಳುತ್ತಾರೋ ಎಂದು ನಾನು ಅಳುಕುತ್ತಾ ಅಧ್ಯಕ್ಷರ ಕಡೆ ತಿರುಗಿದೆ. ಅವರು ಪರದೆ ನೋಡುವುದನ್ನು ಬಿಟ್ಟು ಜಾನಕಿಯ ಬಾಯನ್ನೇ ನೋಡುತ್ತಿದ್ದರು.

"ಬಸ್ ಸಿಕ್ತಾ?" ಎಂದು ಕೇಳಿದರು.